ಸುಬ್ಬಿ ಒದ್ದಿರಲಿಲ್ಲ

ಸೋಮವಾರ, ಮಾರ್ಚ್ ಒಂಬತ್ತು. ಬೆಳಿಗ್ಗೆ ಏಳೂ ಹತ್ತಕ್ಕೆ ಬರೆಯಲು ಕುಳಿತೆ.

ಈಗಷ್ಟೇ ದೊಡ್ಡಪ್ಪನ ತೋಳಿನಿಂದ ಬಿಪಿ ಯಂತ್ರದ ಪಟ್ಟಿ ಬಿಚ್ಚಿದೆ. ಬಿಚ್ಚುವಾಗ ಚರ್ರೆಂದು ಬಟ್ಟೆ ಹರಿದ ಹಾಗೆ ಸದ್ದಾಗುತ್ತದಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ದೇವರಾಯಸಮುದ್ರದ ನಮ್ಮ ಕೊಟ್ಟಿಗೆ, ಅಲ್ಲಿ ಚೆಲ್ಲಿದ ಹಾಲು ನೆನಪಾಗುತ್ತದೆ. ಏನು ಸಂಬಂಧ ಅಂತೀರಾ? ಹೇಳುತ್ತೇನೆ.

ನಾಲ್ಕು ವರ್ಷದ ಹಿಂದಿನ ಮಾತು. ಅಜ್ಜಿಗೆ ಸಕ್ಕರೆ ಕಾಯಿಲೆ ಹಳೆಯದು. ಅದರಿಂದ ಪಾದಗಳಲ್ಲಿ ಉರಿ ಶುರುವಾಗಿ, ಒದ್ದೆ ಗೋಣಿಚೀಲದ ಮೇಲೆ ಕಾಲಿಟ್ಟುಕೊಂಡು ಮಲಗುತ್ತಿದ್ದಳು. ಮುಳಬಾಗಿಲಿನ ಡಾಕ್ಟರು ನರಗಳಿಗೆಂದು ಸಣ್ಣದೊಂದು ಮಾತ್ರೆ ಬರೆದುಕೊಟ್ಟರು. ಉರಿ ಇಳಿಯಿತು. ಅಜ್ಜಿಯ ಗೊರಕೆ ಕೇಳಿ ಮನೆಯವರಿಗೆಲ್ಲ ನೆಮ್ಮದಿ.

ಅದೇ ವಾರ ಅವಳು ಕೊಟ್ಟಿಗೆಯಲ್ಲಿ ಬಿದ್ದಳು. ಹಾಲು ಕರೆದು ಎದ್ದವಳು ಹಾಗೇ ಪಕ್ಕಕ್ಕೆ ಉರುಳಿದ್ದಳು. ನಾವು ಓಡಿಹೋದಾಗ ಬಕೆಟ್ಟು ಬೋರಲು ಬಿದ್ದಿತ್ತು, ಸೀಮೆಹಸು ಸುಬ್ಬಿ ಬೆದರಿ ಕಾಲು ಕುಟ್ಟುತ್ತಿತ್ತು. ನೋಡಿದವರು ಇನ್ನೇನು ಅಂದುಕೊಳ್ಳಬೇಕು? ಎರಡು ದಿನ ಬಿಟ್ಟು ಮತ್ತೆ ಅಲ್ಲೇ ಬಿದ್ದಳು, ಈ ಸಲ ಮೊಣಕೈಗೆ ಗಾಯವಾಯಿತು.

"ಒದೆಯೋ ಹಸು ಮನೇಲಿರಬಾರ್ದು. ಭಾನುವಾರ ದಲ್ಲಾಳಿ ಬರ್ತಾನೆ, ಹಿಡ್ಕೊಟ್ಬಿಡ್ತೀನಿ" ಎಂದರು ದೊಡ್ಡಪ್ಪ.

"ಅದು ಒದೀಲಿಲ್ಲ ಕಣೋ. ಕಣ್ಣು ಕತ್ಲೆ ಬಂತು, ಅಷ್ಟೆ" ಎಂದಳು ಅಜ್ಜಿ.

"ನೀನು ಅದನ್ನ ಬಿಟ್ಕೊಡ್ತೀಯಾ? ಕೊಂಬಲ್ಲಿ ಎತ್ತಿ ಬಿಸಾಕಿದ್ರೂ ಮುದ್ದಾಡ್ತು ಅಂತೀಯ."

ಸುಬ್ಬಿ, ಅಜ್ಜಿ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ತಬ್ಬಲಿ ಕರು. ಅದಿಲ್ಲದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ನಾನೋ, ಬಸ್ಸು ಬಂದ ಹೊತ್ತನ್ನೂ ಬರೆದಿಡುವವಳು. ಮನೆಯಲ್ಲಿ ನನ್ನ ಹೆಸರೇ ಶಾನುಭೋಗರು. ಅಜ್ಜಿಯ ಬಿಪಿಯನ್ನೂ ಗೆರೆ ಎಳೆದು ಅಂದವಾಗಿ ಬರೆದಿದ್ದೆ. ಎಲ್ಲ ಸರಿಯಾಗಿಯೇ ಇತ್ತು. ಹಾಗಾಗಿ ಶಾನುಭೋಗರೂ ದೊಡ್ಡಪ್ಪನ ಪಕ್ಷ.

ಶನಿವಾರ ಮೊಣಕೈ ತೋರಿಸಲು ಕೋಲಾರಕ್ಕೆ ಹೋದೆವು. ನನ್ನ ಅಂಕಿಗಳನ್ನು ನೋಡಿದ ಡಾಕ್ಟರಮ್ಮ, "ಇದೆಲ್ಲ ಕೂತಾಗ ನೋಡಿದ್ದಲ್ವಾ?" ಎಂದರು. ಕೂತಲ್ಲದೆ ಬಿಪಿ ಇನ್ನು ಹೇಗೆ ನೋಡುತ್ತಾರೆ? ಅವರು ಅಜ್ಜಿಯನ್ನು ಮಲಗಿಸಿ ಒಮ್ಮೆ ನೋಡಿದರು. ಎಬ್ಬಿಸಿ ನಿಲ್ಲಿಸಿ ಮತ್ತೆ ನೋಡಿದರು. ಬಿಪಿ ಸರ್ರನೆ ಇಳಿದಿತ್ತು. ಅಜ್ಜಿ ಮೇಜನ್ನು ಹಿಡಿದುಕೊಂಡಳು.

ನಾವು ಎದ್ದು ನಿಂತಾಗ ರಕ್ತ ಕಾಲಿಗಿಳಿಯುತ್ತದಂತೆ. ಆಗ ನರಗಳು ರಕ್ತನಾಳಗಳನ್ನು ಬಿಗಿಮಾಡಿ ತಲೆಗೆ ರಕ್ತ ತಪ್ಪದಂತೆ ನೋಡಿಕೊಳ್ಳುತ್ತವೆ. ಉರಿ ತಣಿಸುವ ಮಾತ್ರೆ ಆ ಬಿಗಿಯನ್ನೂ ಸಡಿಲಿಸುತ್ತದೆ. ಕುಕ್ಕರಗಾಲಲ್ಲಿ ಕೂತವರು ತಟ್ಟನೆ ಎದ್ದರಂತೂ ಕಣ್ಣು ಕತ್ತಲೆ.

"ಅಂಗಾದ್ರೆ ಸುಬ್ಬಿ ಒದ್ದಿಲ್ಲ ಅಂತ ಒಂದು ಚೀಟಿ ಬರ್ಕೊಡಿ ತಾಯಿ" ಎಂದಳು ಅಜ್ಜಿ. "ನನ್ನ ಮಾತು ನನ್ನ ಮಗ ಕೇಳಲ್ಲ."

ಡಾಕ್ಟರಮ್ಮ ನಕ್ಕರು. "ಮಾತ್ರೆ ಕಮ್ಮಿ ಮಾಡ್ತೀನಿ, ನೀವಾಗಿ ನಿಲ್ಲಿಸ್ಬೇಡಿ. ಆದ್ರೆ ಉರಿ ಸ್ವಲ್ಪ ವಾಪಸ್ ಬರುತ್ತೆ. ಬೇಡ ಅಂದ್ರೆ ಇದೇ ಮಾತ್ರೆ ಇರ್ಲಿ, ಹಾಲು ಕರೆಯೋದು ಬಿಟ್ಬಿಡಿ. ಯಾವ್ದಾಗ್ಬೋದು?"

ಅಜ್ಜಿ ಯೋಚಿಸಲೇ ಇಲ್ಲ. "ಉರಿದ್ರೆ ಉರೀಲಿ ಬಿಡಿ. ಹಾಲು ನಾನೇ ಕರೀಬೇಕು."

ಭಾನುವಾರ ದಲ್ಲಾಳಿ ಬಂದ, ಕಾಫಿ ಕುಡಿದು ಹೋದ. ದೊಡ್ಡಪ್ಪ ಸುಬ್ಬಿಯ ಮುಂದೆ ಇನ್ನೊಂದು ಹೊರೆ ಹುಲ್ಲು ಹಾಕಿದರು.

ಈಗ ದೊಡ್ಡಪ್ಪನಿಗೂ ನಿದ್ದೆಗೆಂದು ಹೊಸ ಮಾತ್ರೆ ಬಂದಿದೆ. "ಬಿಪಿ ಚೆನ್ನಾಗೈತಲ್ಲ, ಬಿಡೇ" ಎಂದರೂ ಬಿಡದೆ, ನಿಲ್ಲಿಸಿ ಎರಡನೇ ಸಲ ನೋಡಿದೆ.

ಕಿಟಕಿಯಾಚೆ ಅಜ್ಜಿ ಹಾಲು ಕರೆದು ಮುಗಿಸಿದ್ದಾಳೆ. ಇನ್ನೂ ಎದ್ದಿಲ್ಲ. ಸುಬ್ಬಿಯ ಪಕ್ಕೆಗೆ ಹಣೆ ಆನಿಸಿ ಕೂತಿದ್ದಾಳೆ. ನಮ್ಮ ಜೊತೆ ಕನ್ನಡ ಆಡುವವಳು ಹಸುವಿನ ಜೊತೆ ತೆಲುಗೇ: "ಉಂಡವೇ, ಉಂಡವೇ." ಇರೇ, ಇರೇ ಎಂದು. ಅದು ಕದಲದೆ ನಿಂತಿದೆ.

ಪಾದದ ಉರಿ ತಣಿಸಿಯೂ ಎದ್ದವರ ಕಣ್ಣಿಗೆ ಕತ್ತಲೆ ತಾರದ ಮಾತ್ರೆಯೇನಾದರೂ ಇದೆಯೇ? ಬಲ್ಲವರಿದ್ದರೆ ಬರೆದು ತಿಳಿಸಿ. ಅಜ್ಜಿಗೆ ಬೆಳಗುಗಳು ಸಿಕ್ಕಿವೆ. ರಾತ್ರಿಗಳು ಇನ್ನೂ ಸಿಕ್ಕಿಲ್ಲ.