ನಾಷ್ಟಾ ಆತೇನ್ ತಂಗಿ?

ಮೊಣಕಾಲು ಮತ್ತೆ ಕೈಕೊಟ್ಟಿದೆ. ವ್ಯಾಯಾಮ ಬಿಡಬೇಡಿ ಎಂದು ಡಾಕ್ಟರು ಗದರಿದ್ದಕ್ಕೆ ಮೊನ್ನೆ ಅಟ್ಟದ ಮೇಲಿನ ಹಳೆಯ ರಬ್ಬರ್ ಚಾಪೆ ಇಳಿಸಿ ಬಿಚ್ಚಿದೆ. ರಬ್ಬರಿನ ವಾಸನೆಯ ಹಿಂದೆಯೇ ಗುರೆಳ್ಳು ಚಟ್ನಿಯ ಘಮ ಬಂತು. ಇಷ್ಟು ವರ್ಷದ ಮೇಲೆ ಚಟ್ನಿಯ ವಾಸನೆ ಉಳಿಯುತ್ತದೆಯೇ... ಉಳಿಯುವುದಿಲ್ಲ. ಆದರೂ ನನಗೆ ಬಂತು, ಜೊತೆಗೆ ಆ ಹುಡುಗಿಯೂ ನೆನಪಾದಳು.

ಧಾರವಾಡದ ನಮ್ಮ ಓಣಿಯ ಕೊನೆಗೆ ಹೆಂಗಸರ ಜಿಮ್ ಶುರುವಾದ ಹೊಸತು. ಮನೆಯವರನ್ನು ಆಫೀಸಿಗೆ, ಮಕ್ಕಳನ್ನು ಶಾಲೆಗೆ ಕಳಿಸಿ ಬರುವ ನಮ್ಮಂಥವರೇ ಅಲ್ಲಿ ಹೆಚ್ಚು. ದುಪಟ್ಟಾ ಸೊಂಟಕ್ಕೆ ಬಿಗಿದು ಸೈಕಲ್ ತುಳಿಯುತ್ತ ಊರ ಸುದ್ದಿಯನ್ನೆಲ್ಲ ಮುಗಿಸುತ್ತಿದ್ದೆವು. ಅಲ್ಲಿಗೆ ಅವಳು ಬಂದಳು. ಕೃಷಿ ಓದಲು ಇಥಿಯೋಪಿಯಾದಿಂದ ಬಂದವಳು. ಉದ್ದಕ್ಕೆ, ಸಣ್ಣಗೆ ಇದ್ದಳು, ಇಳಿಸಲು ಮೈಯಲ್ಲಿ ಏನೂ ಇರಲಿಲ್ಲ. ಇವಳಿಗೆ ಜಿಮ್ ಯಾಕೆ ಎಂದು ನಾವೆಲ್ಲ ಕಣ್ಣಲ್ಲೇ ಮಾತಾಡಿಕೊಂಡೆವು.

ನನ್ನ ಪಕ್ಕದ ಸೈಕಲ್ ಅವಳದು. ಸುಮ್ಮನಿರಲಾಗದೆ ಕೇಳಿದೆ, “ನಾಷ್ಟಾ ಆತೇನ್ ತಂಗಿ?” ನಮ್ಮ ಕಡೆ ಇದು ನಮಸ್ಕಾರ ಇದ್ದ ಹಾಗೆ. ಹೊಟ್ಟೆ ಖಾಲಿ ಇದ್ದರೂ “ಆತ್ರಿ” ಎಂದು ಮುಂದೆ ಹೋಗಬೇಕು. ಬಜಾರಿನ ಕನ್ನಡ ಕಲಿತಿದ್ದ ಅವಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. “ಇಲ್ಲ,” ಎಂದವಳು ಪೆಡಲ್ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಈಗ ತಿನ್ನಲು ಏನೋ ಸಿಗುತ್ತದೆ ಎನ್ನುವ ನೋಟ. ನಾನು ಬೆಪ್ಪಾದೆ.

ಮರುದಿನ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು ಕಟ್ಟಿಕೊಂಡು ಹೋದೆ. ಜಿಮ್ಮಿಗೆಂದು ನಾನು ಒಯ್ಯುತ್ತಿದ್ದ ಈ ಚಾಪೆಯ ಮೇಲೆಯೇ ಕೂತು ತಿಂದಳು. ಆಮೇಲೆ ದಿನಾ ನಾನು ಕೇಳುವುದು, ಅವಳು “ಇಲ್ಲ” ಎನ್ನುವುದು, ಡಬ್ಬಿ ಬಿಚ್ಚುವುದು. ಟ್ರೇನರ್ ಹುಡುಗಿ ಸೊಂಟದ ಮೇಲೆ ಕೈಯಿಟ್ಟು, “ಇದು ಜಿಮ್ಮೋ, ಖಾನಾವಳಿಯೋ ಅಕ್ಕಾರ?” ಎಂದು ಕಾಡುತ್ತಿದ್ದಳು.

ಜಿಮ್ಮಿಗೆ ಯಾಕೆ ಸೇರಿದೆ ಎಂದು ಒಮ್ಮೆ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ: “ರೂಮಿನ್ಯಾಗ ನನ್ನ ಜೋಡಿ ಯಾರೂ ಮಾತಾಡಂಗಿಲ್ಲ ಅವ್ವಾ. ಇಲ್ಲೆ ನೀವು ಕೇಳ್ತೀರಿ.” ಅವ್ವಾ ಅಂದಳು... ನನಗಿರುವವರು ಗಂಡುಮಕ್ಕಳೇ. ಅಂದು ನಾನು ಸೈಕಲ್ ತುಳಿಯಲೇ ಇಲ್ಲ.

ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವಳು ಟ್ರೆಡ್‌ಮಿಲ್ ಮೇಲೆ ಓಡುತ್ತಿದ್ದಳು. ಡಬ್ಬಿ ತೋರಿಸಿ ಎಂದಿನಂತೆ ಕೇಳಿದೆ. ತಿರುಗದೆಯೇ ಅಂದಳು, “ಆತ್ರಿ.”

ನಾವೆಲ್ಲ ದಿನಾ ಆಡುವ ಆ ಸುಳ್ಳನ್ನು ಅವಳು ಮೊದಲ ಸಲ ಆಡಿದ್ದಳು. ಮಷಿನ್ ನಿಲ್ಲಿಸಿ ಅವಳನ್ನು ಕೆಳಗಿಳಿಸಿದೆ. ಊರಿನಿಂದ ಫೋನ್ ಬಂದಿತ್ತಂತೆ, ಅವಳ ತಾಯಿ ತೀರಿಕೊಂಡಿದ್ದರು. ಹೊರಟರೂ ಮಣ್ಣು ಮಾಡುವ ಹೊತ್ತಿಗೆ ಮುಟ್ಟುವುದಿಲ್ಲ, ಬರಬೇಡ ಎಂದು ಅಣ್ಣ ಹೇಳಿದ್ದನಂತೆ.

ಕೈಹಿಡಿದು ಮನೆಗೆ ಕರೆತಂದೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ತಂದು ಉಣ್ಣಿಸುತ್ತಾರೆ. ಅವಳ ಸಾವಿನ ಮನೆ ಸಮುದ್ರದಾಚೆ ಇತ್ತು, ಇಲ್ಲಿ ನೆರೆಯವಳು ಎಂದರೆ ನಾನೇ. ನುಚ್ಚಿಗೆ ಮಜ್ಜಿಗೆ ಕಲಸಿ ತುತ್ತು ಮಾಡಿ ಬಾಯಿಗಿಟ್ಟೆ. ಅದನ್ನು ನುಂಗಿದ ಮೇಲೆಯೇ ಅವಳು ಅತ್ತಿದ್ದು.

ಓದು ಮುಗಿಸಿ ತನ್ನ ದೇಶಕ್ಕೆ ಹೋದಳು. ಕೆಲವು ಕಾಲ ಫೋನ್ ಮಾಡುತ್ತಿದ್ದಳು, ಮಾಡಿದಾಗಲೆಲ್ಲ ಮೊದಲ ಮಾತು “ನಾಷ್ಟಾ ಆತೇನ್ರಿ ಅವ್ವಾ?” ಆಮೇಲೆ ಅಲ್ಲಿ ಗಲಾಟೆ ಎಂದು ಟಿವಿಯಲ್ಲಿ ಬಂತು, ಅವಳ ನಂಬರ್ ಹತ್ತಲಿಲ್ಲ. ಇಂದಿಗೂ ಹತ್ತಿಲ್ಲ... ಎಲ್ಲಿದ್ದಾಳೋ, ಉಂಡಳೋ ಇಲ್ಲವೋ. ಕೇಳಬೇಕು ಎಂದರೂ ಕೇಳಲಾರೆ. ಅದೇ ನನಗೆ ದೊಡ್ಡ ಸಂಕಟ.

ಮೊನ್ನೆ ಆ ಚಾಪೆಯ ಮೇಲೆ ಹಾಗೇ ಕೂತಿದ್ದೆ. ಬೆಳಗಿನ ಅಡುಗೆಗೂ ಎದ್ದಿರಲಿಲ್ಲ. ಪಕ್ಕದ ಮನೆಯವರು ಹೋಗುತ್ತ ಬಾಗಿಲಲ್ಲಿ ನಿಂತು, “ನಾಷ್ಟಾ ಆತೇನ್ರಿ?” ಎಂದರು. “ಆತ್ರಿ” ನಾಲಿಗೆಯ ತುದಿಗೇ ಬಂದಿತ್ತು.

“ಇಲ್ಲರಿ,” ಅಂದೆ.

ಅವರು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು.