ಬರೆದವರು ಒಬ್ಬರು, ಓದಿದವರು ಇನ್ನೊಬ್ಬರು

ಜಡ್ಜ್ ಸಾಹೇಬರಿಗೆ ವರ್ಗವಾಯಿತೆಂದು ಅಳುವವರನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ನಮ್ಮ ದೊಡ್ಡವ್ವ, ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ಹೋದ ತಿಂಗಳು ಸುದ್ದಿ ಕೇಳಿದವಳೇ ನಾದುತ್ತಿದ್ದ ರೊಟ್ಟಿ ಹಿಟ್ಟನ್ನು ಅಲ್ಲೇ ಬಿಟ್ಟು ಗೋಡೆಗೊರಗಿ ಅತ್ತುಬಿಟ್ಟಳು.

"ಮತ್ತ ಮೊದಲಿಂದ ಹೇಳಬೇಕೇನೋ? ನನ್ನ ಕಡೆ ಉಸಿರ ಎಷ್ಟ ಉಳದೈತಿ ಅಂತ ತಿಳದಾರ ಅವರು?"

ಅವಳ ಸಂಕಟ ಸುಳ್ಳಲ್ಲ. ದೊಡ್ಡವ್ವನ ತವರು ತಾವರಗೇರಾ. ಅಲ್ಲಿ ಅವಳ ಅಪ್ಪನದು ನಾಲ್ಕು ಎಕರೆ ಹೊಲ. ಒಬ್ಬನೇ ತಮ್ಮ. ಅವನು ಪಾಲು ಕೊಡಲಿಲ್ಲ, ಇವಳು ಕುಷ್ಟಗಿ ಕೋರ್ಟಿಗೆ ಹೋದಳು. ಅದಾಗಿ ಹದಿನಾಲ್ಕು ವರ್ಷ. ಎರಡು ಸಲ ವಾದ ಪೂರ್ತಿ ಮುಗಿದು, ಇನ್ನೇನು ತೀರ್ಪು ಅನ್ನುವಷ್ಟರಲ್ಲಿ ಸಾಹೇಬರಿಗೆ ಟ್ರಾನ್ಸ್‌ಫರ್. ಹೊಸಬರು ಬರಬೇಕು, ಫೈಲು ಬಿಚ್ಚಬೇಕು, ವಾದ ಮತ್ತೆ ಶುರುವಾಗಬೇಕು. ಇದು ಮೂರನೇ ಸಲ. (ಇಂಟರ್ವಲ್‌ವರೆಗೆ ಸಿನಿಮಾ ತೋರಿಸಿ ಮತ್ತೆ ಟೈಟಲ್‌ನಿಂದ ಶುರು ಮಾಡಿದರೆ ನೀವು ಥಿಯೇಟರಿನಲ್ಲಿ ಕೂಡುತ್ತೀರಾ?)

ಹೊಲ ಮಾಡಿಸುವ ವಯಸ್ಸಾಗಲಿ ಆಸೆಯಾಗಲಿ ಅವಳಿಗಿಲ್ಲ. "ನಾನೂ ನಮ್ಮಪ್ಪನ ಮಗಳ ಅದೀನಿ ಅಂತ ಒಬ್ಬರರ ಹೇಳಲಿ. ನಾ ಕಣ್ಣ ಮುಚ್ಚೂದ್ರೊಳಗ ಹೇಳಲಿ, ಸಾಕು" ಅನ್ನುತ್ತಿದ್ದಳು. ಅಷ್ಟೇ ಅವಳ ಬೇಡಿಕೆ.

ಅವತ್ತು ನನಗೆ ನಮ್ಮಪ್ಪ ಬಹಳ ನೆನಪಾದ. ಅಪ್ಪ ಯಲಬುರ್ಗಾ ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದ. ದೊಡ್ಡ ಹುದ್ದೆಯೇನಲ್ಲ, ಆದರೆ ಫೈಲುಗಳೆಲ್ಲ ಅವನ ಸುಪರ್ದಿಯಲ್ಲಿ. ಹಳೇ ಸಾಹೇಬರು ಹೋಗಿ ಹೊಸ ಸಾಹೇಬರು ಬರುವ ದಿನವೆಂದರೆ ಅವನಿಗೆ ಹಬ್ಬ. ಮುಂಜಾನೆಯೇ ಅಂಗಿಗೆ ಇಸ್ತ್ರಿ ಹೊಡೆಸಿಕೊಂಡು ಹೋಗುತ್ತಿದ್ದ.

ಏಕೆಂದರೆ ಆಗಿನ ಒಬ್ಬ ಸಾಹೇಬರು ಒಂದು ರೂಢಿ ಹಾಕಿದ್ದರು. ಹೋಗುವವರು ಚಾರ್ಜ್ ಕೊಟ್ಟ ಕೂಡಲೇ ಗಂಟುಮೂಟೆ ಕಟ್ಟುತ್ತಿರಲಿಲ್ಲ. ಬಂದವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅರ್ಧ ದಿನ ಮಾತು. ಅಪ್ಪ ಕೆಂಪು ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗುವುದು, ಹಳಬರು ಹೇಳುವುದು, ಹೊಸಬರು ಬರೆದುಕೊಳ್ಳುವುದು. ಸಂಜೆ ಊಟಕ್ಕೆ ಕೂತಾಗ ಅಪ್ಪ ಅದನ್ನೆಲ್ಲ ನಮಗೆ ಆಡಿ ತೋರಿಸುತ್ತಿದ್ದ.

"ಈ ಮುದುಕಗ ಕಿವಿ ಕೇಳಂಗಿಲ್ರಿ, ಜೋರ ಮಾತಾಡ್ರಿ. ಈಕಿ ಕುಕನೂರ ಬಸ್ಸಿಗೆ ಬರತಾಳ್ರಿ, ಹನ್ನೆರಡರ ಒಳಗ ಕೂಗಿಸಬ್ಯಾಡ್ರಿ. ಈ ಅಣ್ಣತಮ್ಮರು ಭಾಳ ಛಲೋ ಮಂದಿ, ವಕೀಲರನ್ನ ಹೊರಗ ಕಳಿಸಿ ಮಾತಾಡಿಸಿದ್ರ ರಾಜಿ ಆಗತಾರ."

(ಆ ಸಾಹೇಬರು ಮೈಸೂರು ಕಡೆಯವರು. ಆದರೆ ಅಪ್ಪನ ಬಾಯಲ್ಲಿ ಎಲ್ಲರೂ ಯಲಬುರ್ಗಾದವರೇ.)

ಎಂಥಾ ದಿನಗಳು ಅವು! ಜನರ ಕಷ್ಟವನ್ನು ಒಬ್ಬ ಸಾಹೇಬರು ಇನ್ನೊಬ್ಬರ ಕೈಗೆ ಜೋಪಾನವಾಗಿ ದಾಟಿಸಿ ಹೋಗುತ್ತಿದ್ದರು. ಅಂಥವರೆಲ್ಲ ಮುಗಿದುಹೋದರು ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಕಳೆದ ವಾರ ದೊಡ್ಡವ್ವನ ತಾರೀಖು ಇತ್ತು. ಮುಂಜಾನೆ ನಮ್ಮ ವಕೀಲರ ಫೋನು. "ನಾ ಇವತ್ತ ಗಂಗಾವತ್ಯಾಗ ಅದೀನ್ರಿ. ಹೊಸ ಸಾಹೇಬ್ರು ಬಂದು ನಾಕ ದಿನ ಆಗಿಲ್ಲ, ಮುಂದಿನ ತಾರೀಖ ಕೊಡತಾರ ಅಷ್ಟ. ಅಮ್ಮಾರಿಗೆ ತ್ರಾಸ ಕೊಡಬ್ಯಾಡ್ರಿ."

ನಾನೂ ಅದನ್ನೇ ಹೇಳಿದೆ. ದೊಡ್ಡವ್ವ ಕೇಳಬೇಕಲ್ಲ! ಆಗಲೇ ತಲೆ ಬಾಚಿ, ಇಳಕಲ್ ಸೀರೆ ಉಟ್ಟು ಕೂತಿದ್ದಳು. "ತಾರೀಖ ಅಂದ ಮ್ಯಾಲ ಹೋಗಬೇಕು. ನೀ ಬಾ, ಇಲ್ಲಾಂದ್ರ ಬಿಡು."

ಗೊಣಗುತ್ತಲೇ ಹೋದೆ. ಅವಳನ್ನು ಕೋರ್ಟಿನ ಬೆಂಚಿನ ಮೇಲೆ ಕೂಡಿಸಿ, ಹೇಗೂ ಏನೂ ಆಗುವುದಿಲ್ಲವಲ್ಲ ಎಂದು ಎದುರಿನ ಹೋಟೆಲಿಗೆ ಹೋಗಿ ಆರಾಮವಾಗಿ ಮಿರ್ಚಿ-ಮಂಡಕ್ಕಿ ತಿಂದೆ. ಪೇಪರ್ ಓದಿದೆ. ಮೇಲೊಂದು ಚಹಾ.

ವಾಪಸು ಬಂದಾಗ ದೊಡ್ಡವ್ವ ವರಾಂಡದಲ್ಲಿ ಸೆರಗು ಹಿಡಿದು ನಿಂತಿದ್ದಳು. ಮುಖ ಒಂಥರಾ ಆಗಿತ್ತು.

"ಓದಿದ್ರೋ. ಅರ್ಧ ನಂದಂತ."

ನನಗೆ ನಂಬಿಕೆ ಬರಲಿಲ್ಲ. ಒಳಗೆ ಓಡಿ ಕೋರ್ಟಿನ ಗುಮಾಸ್ತರನ್ನು ಕೇಳಿದೆ. ಅವರು ನಕ್ಕರು. "ಖರೇನ ಐತ್ರಿ ಸರ. ಹಳೇ ಸಾಹೇಬ್ರು ಹೋಗೂ ಮುಂದ ತೀರ್ಪ ಬರದಿಟ್ಟ ಹೋಗ್ಯಾರ. ಹೊಸಬರು ಇವತ್ತ ಓದಿ ಸಹಿ ಮಾಡಿದ್ರು. ಕಾನೂನಿನ್ಯಾಗ ಮೊದಲಿಂದಾನೂ ಐತ್ರಿ ಇದು. ಈಗ ಹಿರೇ ಸಾಹೇಬ್ರೆಲ್ಲ ಕೂಡಿ ಕುಂತು ಮಾತಾಡ್ಯಾರ. ವಾದ ಕೇಳಿದವರು ಬರದ ಹೋಗಬೇಕು, ಬಂದವರು ಓದಿ ಮುಗಸಬೇಕು, ಮಂದೀನ್ನ ಮತ್ತ ಮತ್ತ ತಿರಗಸಬಾರದು ಅಂತ."

ಮುಂದಿನದನ್ನೂ ಗುಮಾಸ್ತರೇ ಹೇಳಿದರು. ನಾನು ಹೋಟೆಲಿನಲ್ಲಿದ್ದಾಗ ನಮ್ಮ ದೊಡ್ಡವ್ವ ಸುಮ್ಮನಿದ್ದಾಳೆಯೇ? ತೀರ್ಪು ಓದಿ ಮುಗಿಸಿದ ಸಾಹೇಬರನ್ನೇ ಕಟಕಟೆಯ ಹತ್ತಿರ ನಿಂತು ಕೇಳಿದ್ದಾಳೆ: "ಯಪ್ಪಾ, ನೀವು ನನ್ನ ಮಾತ ಒಂದೂ ಕೇಳಿಲ್ಲ. ಹೆಂಗ ಹೇಳತೀರಿ?"

ಸಾಹೇಬರು ಬೇಜಾರು ಮಾಡಿಕೊಳ್ಳಲಿಲ್ಲವಂತೆ. "ಕೇಳಿದವರೇ ಬರೆದಿದ್ದಾರೆ ಅಜ್ಜಿ. ಅದನ್ನು ನಿಮಗೆ ಮುಟ್ಟಿಸುವುದಷ್ಟೇ ನನ್ನ ಕೆಲಸ" ಅಂದರಂತೆ.

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಅಪ್ಪ ಇರಬೇಕಿತ್ತು ಅನ್ನಿಸಿತು. ಊರೂರಿಗೆ ವರ್ಗವಾಗುವ ಇಬ್ಬರು. ಒಬ್ಬರ ಮುಖ ಇನ್ನೊಬ್ಬರು ನೋಡಿದ್ದಾರೋ ಇಲ್ಲವೋ. ತೀರ್ಪು ಬರೆದವರಿಗೆ ಈ ಮುದುಕಿಯ ಸಂತೋಷ ಕಾಣಲಿಲ್ಲ. ಓದಿದವರಿಗೆ ಬರೆದ ಹೆಸರಿಲ್ಲ. ಆದರೂ ಕೆಲಸ ಆಯಿತು. (ಅಪೀಲು ಇದೆಯಲ್ಲ ಅನ್ನಬೇಡಿ. ಗೊತ್ತು. ಅವತ್ತಿನ ಮಟ್ಟಿಗೆ ನನ್ನ ಖುಷಿ ನನಗಿರಲಿ.)

ದೊಡ್ಡವ್ವ ಮಾತ್ರ ನಗಲಿಲ್ಲ. ಅತ್ತಿತ್ತ ನೋಡಿದಳು. "ತಮ್ಮ ಬಂದಿಲ್ಲ. ಅವನ ವಕೀಲನೂ ಬರಬ್ಯಾಡ ಅಂದಿರಬೇಕು. ಫೋನ್ ಹಚ್ಚು. ಬ್ಯಾರೆಯವರ ಬಾಯಿಂದ ಕೇಳೂದ ಬ್ಯಾಡ ಅಂವ, ನಾನ ಹೇಳತೀನಿ."

ಹಚ್ಚಿಕೊಟ್ಟೆ. ರಿಂಗಾಯಿತು, ಬಹಳ ಹೊತ್ತು. ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಿಸಿದಳು. ಆಗಲೂ ಇಲ್ಲ.

ಫೋನು ನನ್ನ ಕೈಗೆ ಕೊಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಗುರ್ತಿಲ್ಲದ ಇಬ್ಬರು ಸಾಹೇಬ್ರು ನನ್ನ ಸಲುವಾಗಿ ಕೂಡಿದ್ರು. ಒಂದ ಹೊಟ್ಟ್ಯಾಗ ಹುಟ್ಟಿದ ನಮಗಿಬ್ಬರಿಗೆ ಯಾಕ ಆಗಲಿಲ್ಲೋ?"