ಚಿನ್ನಪ್ಪನ ಮರ ಕೊಯ್ಯುವ ಮಿಷನ್ನು

ಇಟ್ಟಮಡುವಿನ ಚಿಕ್ಕಬೈರಪ್ಪನವರಿಗೆ ದುಡಿಯಲೇಬೇಕೆಂಬ ದರ್ದೇನೂ ಇರಲಿಲ್ಲ. ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಯಾಗಿ, ಉಳಿದ ಸೈಟಿನಲ್ಲಿ ಮೂರಂತಸ್ತಿನ ಮನೆ ಎದ್ದು, ಬಾಡಿಗೆಯವರು ತುಂಬಿಕೊಂಡಿದ್ದರು. ಆದರೂ ಬೆಳಿಗ್ಗೆ ಎಂಟಕ್ಕೆಲ್ಲ ಅವರು ಕೆಳಗಿನ ರಿಪೇರಿ ಅಂಗಡಿಯ ಷಟರ್ ಎತ್ತುತ್ತಿದ್ದರು. ಬಾವಿಯ ಪಂಪ್‌ಸೆಟ್ಟು ಕೆಟ್ಟಾಗ ಮೆಕ್ಯಾನಿಕ್ ಬರುವ ತನಕ ಕಾಯಲಾರದೆ ತಾವೇ ಬಿಚ್ಚಿ ಕಲಿತ ವಿದ್ಯೆ ಅದು. ಬಾವಿ ಮುಚ್ಚಿತು, ಕೈ ಸುಮ್ಮನಾಗಲಿಲ್ಲ.

"ಬೇರೆಯೋರೆಲ್ಲ ಈ ವಯಸ್ಸಲ್ಲಿ ಪಾರ್ಕಿಗೆ ಹೋಗ್ತಾರೆ. ನಮ್ಮನೆಯೋರು ಗ್ರೀಸ್ ಮೆತ್ಕೊಂಡು ಊಟಕ್ಕೆ ಬರ್ತಾರೆ," ಎಂದು ಹೆಂಡತಿ ಹೊನ್ನಮ್ಮ ದಿನಾ ಗೊಣಗುತ್ತಿದ್ದರು.

2002ರ ಏಪ್ರಿಲ್. ಗಾಳಿಮಳೆಗೆ ಜಯನಗರದ ತುಂಬ ಕೊಂಬೆಗಳು ಮುರಿದುಬಿದ್ದಿದ್ದವು. ಮರುದಿನ ಅರೆಕೆರೆಯ ಮುನಿವೆಂಕಟಮ್ಮ ಎಂಬಾಕೆ ಆಟೊದಲ್ಲಿ ಮರ ಕೊಯ್ಯುವ ಮಿಷನ್ನು ಹಾಕಿಕೊಂಡು ಬಂದಳು. ಅದು ಅವಳ ಗಂಡ ಚಿನ್ನಪ್ಪನದು. ಹಿಂದಿನ ವರ್ಷ ಅವನು ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಸೀರೆಯ ಮೇಲೊಂದು ಗಂಡಸಿನ ಅಂಗಿ ತೊಟ್ಟು ಅವಳೇ ಇಬ್ಬರು ಆಳುಗಳೊಂದಿಗೆ ಕೆಲಸಕ್ಕೆ ಇಳಿದಿದ್ದಳು.

"ಸ್ಟಾರ್ಟ್ ಆಗುತ್ತೆ ಅಣ್ಣ. ಹತ್ತು ನಿಮ್ಷ ಚೆನ್ನಾಗೇ ಕುಯ್ಯುತ್ತೆ. ಆಮೇಲೆ ಕಿರುಚ್ಕೊಂಡು ನಿಂತೋಗುತ್ತೆ. ಇಬ್ರು ಮೆಕ್ಯಾನಿಕ್ ನೋಡಿದ್ರು. ಎಲ್ಲಾ ಹೊಸ ಸಾಮಾನೇ ಹಾಕವ್ರೆ."

ಚಿಕ್ಕಬೈರಪ್ಪ ಮುಚ್ಚಳ ಬಿಚ್ಚಿದರು. ಕಾರ್ಬುರೇಟರ್, ರಬ್ಬರ್ ಪೈಪು, ಪಿಸ್ಟನ್, ಎಲ್ಲವೂ ಅಗ್ಗದ ಲೋಕಲ್ ಮಾಲು.

"ಹೊಸದೇನೋ ಹೌದಮ್ಮ. ಮೈಬಣ್ಣ ನೋಡಿ ಹೆಣ್ಣು ಕೊಟ್ಟಂಗಾಗೈತೆ."

ಎಂಜಿನ್ನಿನ ತೂತುಗಳನ್ನೆಲ್ಲ ಬಿಗಿಯಾಗಿ ಮುಚ್ಚಿ, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿ, ಬ್ರಷ್ಷಿನಲ್ಲಿ ಸೋಪಿನ ನೀರು ಸವರಿದರು. ರಬ್ಬರ್ ಪೈಪಿನ ಬುಡದಲ್ಲಿ ಗುಳ್ಳೆ ಎದ್ದಿತು.

"ನೋಡು, ಇಲ್ಲಿ ಕಳ್ಳಗಾಳಿ ಕುಡೀತೈತೆ. ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ. ಮೈ ಕಾದು ಕಿರುಚ್ದೆ ಇನ್ನೇನ್ ಮಾಡುತ್ತೆ? ಬಿಚ್ಚಿದ ಹಳೇ ಸಾಮಾನು ಎಲ್ಲೈತೆ?"

"ಮಂಚದ ಕೆಳಗೆ ಡಬ್ಬೀಲಿ. ಒಂದು ಮೊಳೆನೂ ಬಿಸಾಕಕ್ಕೆ ಬಿಡಲ್ಲ ನಮ್ಮೆಜಮಾನ್ರು."

ಮರುದಿನ ಡಬ್ಬಿಯ ಜೊತೆ ಚಿನ್ನಪ್ಪನೂ ಬಂದ. ಎಂಟು ತಿಂಗಳಿಂದ ಹೊಸ್ತಿಲು ದಾಟದವನು, ತನ್ನ ಮಿಷನ್ನು ಯಾರದೋ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದೆ ಎಂದು ಕೇಳಿ ಕೂರಲಾರದೆ, ಕೋಲೂರಿಕೊಂಡು ಬಂದಿದ್ದ. ಯಾರ ಮುಖವನ್ನೂ ನೋಡದೆ ಸ್ಟೂಲಿನ ಮೇಲೆ ಕೂತ. ಚಿಕ್ಕಬೈರಪ್ಪ ಹಳೆಯ ಕಾರ್ಬುರೇಟರನ್ನೂ ಪೆಟ್ರೋಲಿನ ಬಟ್ಟಲನ್ನೂ ಅವನ ಮುಂದಿಟ್ಟರು.

"ತೊಳಿ."

"ನನ್ ಕೈಲಿ ಏನಾಗುತ್ತಣ್ಣ ಈಗ?"

"ಸೊಂಟ ತಾನೆ ಮುರಿದಿದ್ದು? ಕೈಗೇನಾಗೈತೆ?"

ಚಿನ್ನಪ್ಪ ತೊಳೆಯತೊಡಗಿದ. ಕೂದಲೆಳೆಯಂಥ ತೂತಿನಿಂದ ಕಪ್ಪು ಕಸ ಹೊರಬಂತು. ಮೊದಲಿಗೆ ಕೆಟ್ಟಿದ್ದೇ ಅಷ್ಟು! ಉಳಿದದ್ದನ್ನೆಲ್ಲ ಆ ಮೆಕ್ಯಾನಿಕ್‌ಗಳು ಸುಮ್ಮನೆ ಬದಲಿಸಿದ್ದರು. ಅದರೊಳಗಿನ ತೆಳು ಪೊರೆಗೆ ಮಾತ್ರ ಒಳ್ಳೆಯ ಮಾಲು ತಂದು ಹಾಕಿ, ಹಳೆಯ ಕಾರ್ಬುರೇಟರನ್ನೂ ಪೈಪನ್ನೂ ಮತ್ತೆ ಬಿಗಿದರು. ಗೀರು ಬೀಳದ ಲೋಕಲ್ ಪಿಸ್ಟನ್ನು ಹಾಗೇ ಉಳಿಯಿತು.

ಮಾರನೆಯ ದಿನ ಜಯನಗರದಲ್ಲಿ ಬಿದ್ದ ಗುಲ್‌ಮೊಹರ್ ಕೊಂಬೆಗೆ ಮುನಿವೆಂಕಟಮ್ಮ ಮಿಷನ್ನು ಇಟ್ಟಾಗ, ಫುಟ್‌ಪಾತಿನಲ್ಲಿ ಇಬ್ಬರು ಗಂಡಸರೂ ಒಂದೇ ಕೈಗಡಿಯಾರದ ಮೇಲೆ ಬಗ್ಗಿದ್ದರು. ಒಂಬತ್ತು ನಿಮಿಷ. ಹತ್ತು. ಮಗಳ ಪರೀಕ್ಷೆಯ ಫಲಿತಾಂಶ ನೋಡಲು ಹೋದ ದಿನವೂ ಚಿಕ್ಕಬೈರಪ್ಪನವರು ಹೀಗೆ ಚಡಪಡಿಸಿರಲಿಲ್ಲ. ಹದಿನೈದಾಯಿತು. ಸದ್ದು ಕಿರುಚಲಿಲ್ಲ, ತಗ್ಗಲೂ ಇಲ್ಲ. ಚಿನ್ನಪ್ಪ ಮುಖ ಪಕ್ಕಕ್ಕೆ ತಿರುಗಿಸಿಕೊಂಡ. ಚಿಕ್ಕಬೈರಪ್ಪ ಅದನ್ನು ನೋಡದವರಂತೆ, "ಕಾಫಿ ಕುಡಿಯೋಣ ನಡಿ," ಎಂದರು.

ಮುಂದಿನ ಸೋಮವಾರ ಅಂಗಡಿ ತೆರೆಯುವ ಮೊದಲೇ ಚಿನ್ನಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಮಿಷನ್ನಿನ ಚೈನಿನ ಹಲ್ಲಿಗೆ ಅರ ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ವರ್ಷದೊಳಗೆ ಬನಶಂಕರಿ, ಜೆ.ಪಿ. ನಗರದ ಮರ ಕೊಯ್ಯುವವರೆಲ್ಲ ಚೈನು ಹಿಡಿದು ಇಟ್ಟಮಡುವಿಗೆ ಬರತೊಡಗಿದರು. ಇಬ್ಬರೂ ದಿನವಿಡೀ ಜಗಳವಾಡುತ್ತಿದ್ದರು. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕೆಂಬುದು ಕೊನೆಗೂ ತೀರ್ಮಾನವಾಗಲಿಲ್ಲ.